ಗುಳಗಿ ಒಂದೇ, ತೂಕ ಬೇರೆ

“ಅಣ್ಣಾರ, ನಾಯಿಗೆ ಜ್ವರ ಬಂದಾವ್ರಿ, ಎರಡು ಗುಳಗಿ ಕೊಡ್ರಿ.” ರೋಣ, ನರಗುಂದ, ಗಜೇಂದ್ರಗಡದ ಕಡೆ ಔಷಧ ಅಂಗಡಿಯ ಮುಂದೆ ಇಂಥ ಮಾತಿಗೆ ಯಾರೂ ಬೆರಗಾಗುವುದಿಲ್ಲ. ದನದ ದವಾಖಾನಿಗೆ ಎಮ್ಮೆ, ಎತ್ತು, ಕುರಿಗಳ ಕೆಲಸವೇ ಕೈತುಂಬ. ಹೀಗಾಗಿ ನಾಯಿ-ಬೆಕ್ಕಿನ ಮದ್ದು ಮನುಷ್ಯರ ಸ್ಟ್ರಿಪ್ಪಿನಿಂದಲೇ ಕತ್ತರಿಸಿ ಬರುತ್ತದೆ. ಆ್ಯಂಟಿಬಯಾಟಿಕ್ ವಿಷಯದಲ್ಲಿ ಎಡವಟ್ಟು ಆಗುವುದೇ ಆ ಕತ್ತರಿಯಲ್ಲಿ.

ಉಣ್ಣಿ ಜ್ವರವನ್ನೇ ನೋಡಿ. ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾ ಕಂದು ಉಣ್ಣಿಯ ಕಡಿತದಿಂದ ನಾಯಿಯ ರಕ್ತ ಸೇರಿ ಬಿಳಿ ರಕ್ತಕಣಗಳೊಳಗೆ ಮನೆ ಮಾಡುತ್ತದೆ. ನಾಯಿ ತಿನ್ನುವುದು ಬಿಡುತ್ತದೆ, ಒಸಡು ಬಿಳಿಚುತ್ತದೆ, ಕೆಲವಕ್ಕೆ ಮೂಗಿನಿಂದ ರಕ್ತ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೇನೆಯ ನಾಯಿಗಳನ್ನು ಬಲಿ ತೆಗೆದುಕೊಂಡದ್ದು ಇದೇ ರೋಗ. ಇದಕ್ಕೆ ಡಾಕ್ಸಿಸೈಕ್ಲಿನ್ ಒಳ್ಳೆಯ ಮದ್ದು; ದಿನಕ್ಕೆ ಕಿಲೋ ತೂಕಕ್ಕೆ 10 ಮಿಲಿಗ್ರಾಂನಂತೆ ಸಾಮಾನ್ಯವಾಗಿ 28 ದಿನ.

ಈಗ ಲೆಕ್ಕ ಹಾಕಿ. 25 ಕಿಲೋ ತೂಗುವ ಮುಧೋಳ ನಾಯಿಗೆ ದಿನಕ್ಕೆ 250 ಮಿಲಿಗ್ರಾಂ ಬೇಕು. ಅಂಗಡಿಯಲ್ಲಿ ಸಿಗುವುದು ಮನುಷ್ಯರ 100 ಮಿಲಿಗ್ರಾಂ ಗುಳಗಿ. ದಿನಕ್ಕೊಂದು ಹಾಕಿದರೆ ಅರ್ಧದಷ್ಟೂ ಆಗಲಿಲ್ಲ. ಅದೇ ಗುಳಗಿ ಮೂರು ಕಿಲೋ ಬೆಕ್ಕಿಗೆ ಮೂರು ಪಟ್ಟು ಹೆಚ್ಚು. ತೂಕ ನೋಡದೆ ಕೊಟ್ಟ ಒಂದೇ ಸ್ಟ್ರಿಪ್ ನಾಯಿಗೆ ಸಾಲದು, ಬೆಕ್ಕಿಗೆ ಮಿತಿಮೀರಿತು. (ಇದು ಲೆಕ್ಕ ತಿಳಿಯಲಷ್ಟೇ. ಓದಿ ಅಂಗಡಿಗೆ ಹೋಗಬೇಡಿ.)

ಇನ್ನೊಂದು ಮೋಸ, ಸರಿಯಾದ ಪ್ರಮಾಣದ ಮದ್ದು ಬಿದ್ದರೆ ಎರಡು ಮೂರು ದಿನದಲ್ಲೇ ನಾಯಿ ಎದ್ದು ಬಾಲ ಅಲ್ಲಾಡಿಸುತ್ತದೆ. “ಆರಾಮಾತು” ಎಂದು ಗುಳಗಿ ನಿಲ್ಲಿಸುವುದು ಆಗಲೇ. ಜೀವಕಣದೊಳಗೆ ಅಡಗಿದ ರೋಗಾಣು ಅಷ್ಟರಲ್ಲಿ ಪೂರ್ತಿ ಹೋಗಿರುವುದಿಲ್ಲ. ಪೆನ್ಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಉಪನ್ಯಾಸದಲ್ಲೇ ಅರೆಬರೆ ಪ್ರಮಾಣದ ಅಪಾಯ ಹೇಳಿದ್ದರು: ರೋಗಾಣು ಸಾಯುವುದಿಲ್ಲ, ಮದ್ದನ್ನು ತಡೆದುಕೊಳ್ಳಲು ಕಲಿಯುತ್ತದೆ. ಪಡಸಾಲೆಯಲ್ಲಿ ಮಕ್ಕಳ ಮಗ್ಗುಲಲ್ಲೇ ಮಲಗುವ ನಾಯಿಯಿಂದ, ಹಾಗೆ ಮದ್ದು ತಡೆದುಕೊಳ್ಳಲು ಕಲಿತ ಬೇರೆ ರೋಗಾಣುಗಳು ಮನೆಯವರಿಗೂ ದಾಟಬಲ್ಲವು.

ಹಾಗಂತ ಎಲ್ಲಕ್ಕೂ ತಿಂಗಳುಗಟ್ಟಲೆ ನುಂಗಿಸಬೇಕೆಂದಲ್ಲ. ನಾಯಿಯ ಸಾಮಾನ್ಯ ಮೂತ್ರದ ಸೋಂಕಿಗೆ ಮೂರರಿಂದ ಐದು ದಿನ ಸಾಕೆಂಬುದು ಈಗಿನ ಪಶುವೈದ್ಯರ ಮಾರ್ಗಸೂಚಿ. ಸಾದಾ ಭೇದಿಗೆ ಮೆಟ್ರೊನಿಡಜೋಲ್‌ನಂಥ ಆ್ಯಂಟಿಬಯಾಟಿಕ್ ಬೇಕಾಗುವುದೇ ಅಪರೂಪ. ಮರಿಗಳನ್ನು ಕೊಲ್ಲುವ ಪಾರ್ವೊ ವೈರಸ್ಸಿನ ರೋಗ. ಆ್ಯಂಟಿಬಯಾಟಿಕ್ ವೈರಸ್ಸನ್ನು ಮುಟ್ಟುವುದಿಲ್ಲ. ಜತೆಗೆ ಬರುವ ಬ್ಯಾಕ್ಟೀರಿಯಾ ಸೋಂಕಿಗೆ ವೈದ್ಯರು ಅದನ್ನು ಕೊಟ್ಟರೂ ಸೂಜಿಯಲ್ಲಿ ಕೊಡುತ್ತಾರೆ, ಏಕೆಂದರೆ ವಾಂತಿ ಮಾಡುವ ಮರಿಯ ಹೊಟ್ಟೆಯಲ್ಲಿ ಗುಳಗಿ ನಿಲ್ಲುವುದಿಲ್ಲ.

ನುಂಗಿಸುವ ಬಗೆಯೂ ಮುಖ್ಯ. ನಮ್ಮಲ್ಲಿ ಜೋಳದ ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ ನಾಯಿಗೆ ಹಾಕುವುದು ರೂಢಿ, ಗುಳಗಿಯೂ ಅದರಲ್ಲೇ ಹೋಗುತ್ತದೆ. ಹಾಲಿನ ಕ್ಯಾಲ್ಸಿಯಂ ಡಾಕ್ಸಿಸೈಕ್ಲಿನ್ನಿಗೂ ಎನ್ರೊಫ್ಲಾಕ್ಸಸಿನ್ ಎಂಬ ಇನ್ನೊಂದು ಆ್ಯಂಟಿಬಯಾಟಿಕ್ಕಿಗೂ ಅಂಟಿಕೊಂಡು ಮದ್ದು ಪೂರ್ತಿ ಮೈಗೆ ಹತ್ತದಂತೆ ಮಾಡುತ್ತದೆ. ಒಣ ರೊಟ್ಟಿಯ ತುಣುಕೇ ಮೇಲು. ಬೆಕ್ಕಿಗೆ ಒಣ ಡಾಕ್ಸಿ ಗುಳಗಿ ನುಂಗಿಸಿ ಸುಮ್ಮನೆ ಬಿಟ್ಟರೆ ಅದು ಅನ್ನನಾಳದಲ್ಲಿ ಸಿಕ್ಕಿ ಹುಣ್ಣಾಗಿ, ನಾಳವೇ ಕಿರಿದಾಗಬಹುದು. ಹಿಂದೆಯೇ ಸಿರಿಂಜಿನಲ್ಲಿ ಐದಾರು ಮಿಲಿಲೀಟರ್ ನೀರು ಕುಡಿಸಬೇಕು. ಎನ್ರೊಫ್ಲಾಕ್ಸಸಿನ್ ಹೆಚ್ಚಾದರೆ ಬೆಕ್ಕಿನ ಕಣ್ಣೇ ಹೋದೀತು. ಬೆಳೆಯುವ ಮರಿಯ ಕೀಲಿನ ಮೃದ್ವಸ್ಥಿಗೂ ಅದು ಕೇಡು.

ಸ್ಟ್ರಿಪ್ಪಿನ ಮೇಲಿನ ಕೆಂಪು ಗೆರೆ ವೈದ್ಯರ ಚೀಟಿ ಇಲ್ಲದೆ ಕೊಡಬಾರದೆಂಬ ಗುರುತು. 2014ರಿಂದ ಜಾರಿಯಲ್ಲಿರುವ ‘ಎಚ್1’ ಪಟ್ಟಿಯ ಸೆಫಿಕ್ಸಿಮ್‌ನಂಥ ಔಷಧಗಳ ಮಾರಾಟವನ್ನು ಅಂಗಡಿಯವರು ಬೇರೆ ವಹಿಯಲ್ಲಿ ಬರೆದು ಮೂರು ವರ್ಷ ಇಡಬೇಕು. ಕಾಗದದ ಮೇಲೆ ಕಾನೂನು ಗಟ್ಟಿಯಾಗಿಯೇ ಇದೆ. ಹಾಗಾಗಿ ಅಂಗಡಿಗಿಂತ ಮೊದಲು ವೈದ್ಯರ ಬಳಿ ಹೋಗಿ; ತಾಲ್ಲೂಕಿನ ದವಾಖಾನಿಯಲ್ಲಿ ಬಗೆಹರಿಯದಿದ್ದರೆ ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಹೋಗುವ ಮುಂಚೆ ನಾಯಿಯನ್ನು ಎತ್ತಿಕೊಂಡು ತಕ್ಕಡಿ ಹತ್ತಿ, ಆಮೇಲೆ ನಿಮ್ಮ ತೂಕ ಕಳೆಯಿರಿ. ವೈದ್ಯರು ಮೊದಲು ಕೇಳುವ ಸಂಖ್ಯೆಗಳಲ್ಲಿ ಅದೂ ಒಂದು.

ಚೀಟಿಯಲ್ಲಿ ಉಣ್ಣಿಯ ಔಷಧವನ್ನೂ ಬರೆಸಿಕೊಳ್ಳಿ. ಹೆಣ್ಣು ಉಣ್ಣಿ ನಾಯಿಯ ಮೈಯಿಂದ ಉದುರಿ, ಕಲ್ಲುಗೋಡೆಯ ಸಂದಿಯಲ್ಲಿ ಸಾವಿರಾರು ತತ್ತಿ ಇಡುತ್ತದೆ. ಸಂದಿಗೆ ಮದ್ದು ಬೀಳದಿದ್ದರೆ ಗುಳಗಿಗೆ ಗುಣವಾದ ನಾಯಿಗೆ ಮತ್ತೆ ಜ್ವರ ಬರುವುದು ಮಲಗುವ ಜಾಗದಿಂದಲೇ.