ಮುರಲೀಕಾಂತ ಪೇಟಕರರಿಗೆ ಸಂದ ಮನ್ನಣೆ

ಒಲಿಂಪಿಕ್ ಕ್ರೀಡೆಗಳಲ್ಲಿ ತಾನೊಬ್ಬನೇ ಸ್ಪರ್ಧಿಸಿ ಚಿನ್ನದ ಪದಕವನ್ನು ಗಳಿಸಿದ ಮೊದಲನೆಯ ಭಾರತೀಯರು ಯಾರೆಂದು ಮನೆಯ ಮಕ್ಕಳನ್ನು ಕೇಳಿದರೆ, 2008ನೆಯ ಇಸವಿಯಲ್ಲಿ ಬೀಜಿಂಗಿನಲ್ಲಿ ಗುರಿಯಿಟ್ಟು ಗೆದ್ದ ಅಭಿನವ ಬಿಂದ್ರಾ ಅವರ ಹೆಸರನ್ನು ಥಟ್ಟನೆ ಹೇಳುವರು. ಉತ್ತರವು ಸರಿಯೇ. ಆದರೆ ಅದಕ್ಕೆ ಮೂವತ್ತಾರು ವರ್ಷಗಳ ಹಿಂದೆಯೇ, ಅಂಗವಿಕಲರಿಗಾಗಿ ಏರ್ಪಡುವ ಪ್ಯಾರಾಲಿಂಪಿಕ್ ಕ್ರೀಡೆಗಳಲ್ಲಿ ಒಬ್ಬ ಭಾರತೀಯ ಯೋಧರು ಚಿನ್ನವನ್ನು ಗೆದ್ದು ತಂದಿದ್ದರೆಂಬುದನ್ನು ಬಲ್ಲ ಮನೆಗಳು ಎಷ್ಟಿರಬಹುದು? ಅವರೇ ಶ್ರೀ ಮುರಲೀಕಾಂತ ಪೇಟಕರರು.

ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಇಸ್ಲಾಂಪುರ ಪ್ರಾಂತದವರಾದ ಪೇಟಕರರು ಎಳೆಯ ವಯಸ್ಸಿನಲ್ಲಿಯೇ ಸೈನ್ಯವನ್ನು ಸೇರಿ, ಯಂತ್ರೋಪಕರಣಗಳನ್ನು ನೋಡಿಕೊಳ್ಳುವ ಇ. ಎಂ. ಇ. ದಳದಲ್ಲಿ ಕುಶಲಕರ್ಮಿಯಾದರು. ಅಲ್ಲಿ ಅವರು ಹೆಸರು ಗಳಿಸಿದ್ದು ಮುಷ್ಟಿಯುದ್ಧದಲ್ಲಿ. ಕಾಲಿನ ಚುರುಕು, ನಡುವಿನ ಬಿಗಿ, ಇವೆರಡೂ ಇಲ್ಲದಿದ್ದರೆ ಆ ಆಟವೇ ಇಲ್ಲ. 1965ರಲ್ಲಿ ಪಾಕಿಸ್ತಾನದೊಡನೆ ನಡೆದ ಯುದ್ಧದಲ್ಲಿ ಅವರ ಮೈಗೆ ಹಲವು ಗುಂಡುಗಳು ತಗುಲಿದುವು. ಬೆನ್ನೆಲುಬಿನ ಬಳಿ ನಾಟಿದ ಗುಂಡೊಂದನ್ನು ಹೊರತೆಗೆಯಲಾಗಲಿಲ್ಲ. ನಡುವಿನಿಂದ ಕೆಳಕ್ಕೆ ಸ್ವಾಧೀನ ತಪ್ಪಿತು.

ಮುಂಬಯಿಯ ಅಶ್ವಿನಿ ಎಂಬ ನೌಕಾಪಡೆಯ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆಯಿತು. ಈಜು ಆಗ ಅವರಿಗೆ ಪಂದ್ಯವಲ್ಲ, ಔಷಧ. ನೀರಿನಲ್ಲಿ ಮುಳುಗಿದ ದೇಹವು ತನ್ನ ಭಾರದ ಬಹುಭಾಗವನ್ನು ನೀರಿಗೇ ಒಪ್ಪಿಸಿಬಿಡುವುದು. ನೆಲದ ಮೇಲೆ ಹೊರಲಾರದ ಮೈಯನ್ನು ನೀರು ಹೊರುವುದು. ಹಾಗೆಂದು ಅದು ಸುಲಭವೆಂದು ತಿಳಿಯಲಾಗದು. ನಮ್ಮ ಕೆರೆ ಬಾವಿಗಳಲ್ಲಿ ಈಜಿದವರೆಲ್ಲರೂ ಬಲ್ಲರು: ಕಾಲು ಬಡಿಯುವುದನ್ನು ನಿಲ್ಲಿಸಿದೊಡನೆ ಹಿಂಭಾಗವು ಕೆಳಕ್ಕೆ ಜಗ್ಗುತ್ತದೆ. ಸ್ವಾಧೀನವಿಲ್ಲದ ಕಾಲುಗಳು ಈಜುಗಾರನಿಗೆ ಬೆನ್ನಿಗೆ ಕಟ್ಟಿದ ಹೊರೆಯಂತೆಯೇ ಸರಿ. ಆ ಹೊರೆಯನ್ನು ಎಳೆದುಕೊಂಡು, ಎರಡು ತೋಳುಗಳ ಬಲದಿಂದಲೇ ಮುಂದೆ ಸಾಗಬೇಕು. ಮುಷ್ಟಿಯುದ್ಧದಲ್ಲಿ ಪಳಗಿದ ತೋಳುಗಳು ಇಲ್ಲಿ ಉಪಯೋಗಕ್ಕೆ ಬಂದಿರಬೇಕೆಂದು ನಮಗೆ ತೋರುತ್ತದೆ.

ಇಂತಹವರಿಗೆ ಆಟವೇ ಮದ್ದೆಂಬುದನ್ನು ಲೋಕಕ್ಕೆ ತೋರಿಸಿಕೊಟ್ಟವರು ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ವೈದ್ಯ ಲುಡ್ವಿಗ್ ಗುಟ್‌ಮನ್ನರು. 1948ರಲ್ಲಿ ಲಂಡನ್ ಒಲಿಂಪಿಕ್ ಪ್ರಾರಂಭವಾದ ದಿನವೇ ಅವರು ಗಾಯಾಳುಗಳಾದ ಹದಿನಾರು ಮಂದಿಯಿಂದ ಬಿಲ್ಲುಗಾರಿಕೆಯ ಸ್ಪರ್ಧೆಯನ್ನು ನಡೆಸಿದರು. ಅದು ಬೆಳೆದು 1960ರಲ್ಲಿ ರೋಮಿನಲ್ಲಿ ದೊಡ್ಡ ಕೂಟವಾಯಿತು. 1968ರಲ್ಲಿ ಟೆಲ್ ಅವೀವಿನ ಕೂಟಕ್ಕೆ ಪೇಟಕರರು ಹೋದರು. ಅಲ್ಲಿ ಮೇಜಿನ ಟೆನ್ನಿಸ್ ಆಡಿದರು, ಪದಕವು ದೊರೆಯಲಿಲ್ಲ. ನಾಲ್ಕು ವರ್ಷಗಳ ತರುವಾಯ, 1972ರ ಆಗಸ್ಟಿನಲ್ಲಿ, ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಐವತ್ತು ಮೀಟರುಗಳ ಮುಕ್ತ ಶೈಲಿಯ ಈಜನ್ನು 37.33 ಸೆಕೆಂಡುಗಳಲ್ಲಿ ಮುಗಿಸಿ, ಆ ವರ್ಗದಲ್ಲಿ ವಿಶ್ವದಾಖಲೆಯೊಡನೆ ಚಿನ್ನವನ್ನು ಪಡೆದರು.

ಆಮೇಲೆ? ಆಮೇಲೆ ಪುಣೆಯ ಟೆಲ್ಕೊ ಕಾರಖಾನೆಯಲ್ಲಿ ಉದ್ಯೋಗ, ಸಂಸಾರ, ಮೌನ. ಇದನ್ನು ಬರೆಯುವಾಗ ನಮಗೆ ನಾಚಿಕೆಯಾಗುತ್ತದೆ. ಅರ್ಜುನ ಪ್ರಶಸ್ತಿಯು 1961ರಿಂದಲೂ ಇದ್ದಿತು. ಪೇಟಕರರು ಅದನ್ನು ಕೇಳಿಕೊಂಡದ್ದೂ ಉಂಟು, ಕೇಳಿದರೂ ದೊರೆಯಲಿಲ್ಲ. ಪ್ಯಾರಾಲಿಂಪಿಕ್ ಎಂಬ ಹೆಸರೇ ಆಗ ನಮ್ಮ ದೇಶದಲ್ಲಿ ಹೆಚ್ಚು ಜನರ ಕಿವಿಗೆ ಬಿದ್ದಿರಲಿಲ್ಲವೆಂಬುದು ಕಾರಣವಾದೀತು, ಸಮಾಧಾನವಾಗಲಾರದು. ಎರಡನೆಯ ಚಿನ್ನವು 2004ರಲ್ಲಿ ಅಥೆನ್ಸಿನಿಂದ ಬಂದಿತು. ಬಾಲ್ಯದಲ್ಲಿ ವಿದ್ಯುತ್ತಿನ ಆಘಾತದಿಂದ ಎಡಗೈಯನ್ನು ಕಳೆದುಕೊಂಡ ದೇವೇಂದ್ರ ಝಾಝಡಿಯಾ ಅವರು ಭರ್ಜಿಯೆಸೆತದಲ್ಲಿ ಗೆದ್ದರು. ಅವರಿಗೆ 2012ರಲ್ಲಿ ಪದ್ಮಶ್ರೀ ಸಂದಿತು. ನಮ್ಮ ಬೆಂಗಳೂರಿನ ಮಾಲತಿ ಹೊಳ್ಳರಿಗೆ 2001ರಲ್ಲಿಯೇ ಸಂದಿದ್ದಿತು. ಇವರೆಲ್ಲರಿಗೂ ಅದು ಯೋಗ್ಯವಾಗಿಯೇ ಸಂದಿತು, ಅದರಲ್ಲಿ ಎರಡು ಮಾತಿಲ್ಲ. ಮೊದಲಿಗರ ಸರದಿ ಮಾತ್ರ 2018ರವರೆಗೆ ಕಾದಿತು. ಹೈಡೆಲ್‌ಬರ್ಗಿನ ಗೆಲವಿಗೆ ಆಗ ನಲವತ್ತಾರು ವರ್ಷ. ಗೆದ್ದವರಿಗೆ ಎಪ್ಪತ್ತು ದಾಟಿದ್ದಿತು.

ಸನ್ಮಾನದ ವಿಚಾರವಾಗಿ ಇಲ್ಲೊಂದು ಮಾತನ್ನು ಹೇಳಬೇಕು. ನಮ್ಮ ಊರುಗಳಲ್ಲಿ ಸನ್ಮಾನವೆಂದರೆ ಶಾಲು, ಹಣ್ಣಿನ ಬುಟ್ಟಿ, ಗಂಧದ ಹಾರ, ಎತ್ತರವಾದ ವೇದಿಕೆ. ಗಾಲಿಕುರ್ಚಿಯಲ್ಲಿ ಬಂದ ಅತಿಥಿಯನ್ನು ನಾಲ್ವರು ಹಿಡಿದೆತ್ತಿ ಮೇಲಕ್ಕೇರಿಸುವಾಗ ಸಭೆಯು ಕೈತಟ್ಟುವುದು. ಎತ್ತಿಸಿಕೊಳ್ಳುವವರ ಮುಖವನ್ನು ನೋಡುವವರು ವಿರಳ. ಸಾರ್ವಜನಿಕ ಕಟ್ಟಡಗಳು ಎಲ್ಲರೂ ಪ್ರವೇಶಿಸುವಂತಿರಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಹೇಳುತ್ತದೆ. ಒಂದು ಇಳಿಜಾರು ಹಾದಿಗೆ ತಗಲುವ ಇಟ್ಟಿಗೆ ಗಾರೆಗಳ ವೆಚ್ಚವು ಹಾರ ಶಾಲುಗಳಂತೆ ಒಂದು ಸಂಜೆಗೇ ಮುಗಿದುಹೋಗುವುದಿಲ್ಲ.

2024ರಲ್ಲಿ ಪೇಟಕರರ ಜೀವನವನ್ನು ಆಧರಿಸಿದ ‘ಚಂದೂ ಚಾಂಪಿಯನ್’ ಎಂಬ ಹಿಂದೀ ಚಲನಚಿತ್ರವು ತೆರೆಕಂಡಿತು. ಅದೇ ವರ್ಷ ಪ್ಯಾರಿಸಿನ ಪ್ಯಾರಾಲಿಂಪಿಕ್ಕಿನಲ್ಲಿ ನಮ್ಮವರು ಏಳು ಚಿನ್ನಗಳೂ ಸೇರಿ ಇಪ್ಪತ್ತೊಂಬತ್ತು ಪದಕಗಳನ್ನು ಗೆದ್ದು ಬಂದರು. 2025ರ ಜನವರಿಯಲ್ಲಿ, ಪ್ಯಾರಿಸಿನಲ್ಲಿ ಗೆದ್ದ ತರುಣ ತರುಣಿಯರು ರಾಷ್ಟ್ರಪತಿಭವನದಲ್ಲಿ ಪ್ರಶಸ್ತಿಗಳನ್ನು ಸ್ವೀಕರಿಸಿದ ಸಮಾರಂಭದಲ್ಲಿಯೇ, ಅವರಿಗಿಂತ ಅರ್ಧ ಶತಮಾನ ಮೊದಲು ಗೆದ್ದಿದ್ದ ಪೇಟಕರರಿಗೂ ಜೀವಮಾನದ ಸಾಧನೆಗಾಗಿ ಅರ್ಜುನ ಪ್ರಶಸ್ತಿಯು ಸಂದಿತು.