ಕಲ್ಲು ಕೊಟ್ಟು ನಿಲ್ಲಿಸಿದ ಟ್ರ್ಯಾಕ್ಟರ್

ಮಲೆನಾಡಿನಲ್ಲಿ ಹಳೇ ಟ್ರ್ಯಾಕ್ಟರ್ ಇರುವ ಮನೆಯನ್ನು ದೂರದಿಂದಲೇ ಗುರುತಿಸಬಹುದು. ಗಾಡಿ ಅಂಗಳದಲ್ಲಿ ಇರುವುದಿಲ್ಲ. ದಣಪೆಯಾಚೆ, ಏರಿನ ಮೇಲೆ, ಮೂತಿ ಕೆಳಗೆ ಮಾಡಿಕೊಂಡು, ಚಕ್ರದ ಅಡಿಗೆ ಒಂದು ಕಲ್ಲು ಕೊಟ್ಟು ನಿಂತಿರುತ್ತದೆ. ಬೆಳಿಗ್ಗೆ ಕಲ್ಲು ಸರಿಸಿ, ಗೇರಿಗೆ ಹಾಕಿ, ಉರುಳುತ್ತಿದ್ದಂತೆ ಕ್ಲಚ್ ಬಿಟ್ಟರೆ ನಾಲ್ಕು ಮಾರು ಹೋಗುವಷ್ಟರಲ್ಲಿ ಇಂಜಿನ್ ಹತ್ತಿಕೊಳ್ಳುತ್ತದೆ. ಸೆಲ್ಫ್ ಇಲ್ಲವೇ? ಇದೆ. ಬ್ಯಾಟರಿಯೂ ಇದೆ. ಬ್ಯಾಟರಿಯಲ್ಲಿ ಚಾರ್ಜ್ ಇಲ್ಲ, ಅಷ್ಟೇ.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಇನ್ನೂ ಉಸಿರಾಡುತ್ತಿರುವ ಈ ಹಳಬರ ಮೂಲ ಅರುವತ್ತು-ಎಪ್ಪತ್ತರ ದಶಕದ್ದು. 1960ರಲ್ಲಿ ಮದರಾಸಿನಲ್ಲಿ ಟಾಫೆ ಶುರುವಾಗಿ ಮ್ಯಾಸಿ ಫರ್ಗುಸನ್ ಬಂತು. 1963ರಲ್ಲಿ ಮಹೀಂದ್ರ, ಇಂಟರ್‌ನ್ಯಾಷನಲ್ ಹಾರ್ವೆಸ್ಟರ್, ವೋಲ್ಟಾಸ್ ಸೇರಿ ಕಟ್ಟಿದ ಕಂಪನಿಯಿಂದ ಬಿ-275 ಬಂತು. 1971ರಲ್ಲಿ ನಮ್ಮ ಎಚ್‌ಎಂಟಿ ಪಿಂಜೋರಿನಲ್ಲಿ ಜೆಟರ್ ಮಾಡತೊಡಗಿತು. ಮ್ಯಾಸಿ, ಬಿ-275ಗಳದ್ದು ಬ್ರಿಟನ್ ಮೂಲದ ವಿನ್ಯಾಸ. ಹಾಗಾಗಿ ವಯರಿಂಗೂ ಲೂಕಾಸ್ ಪದ್ಧತಿಯದು. 1961ರಲ್ಲಿ ಹುಟ್ಟಿದ ಲೂಕಾಸ್-ಟಿವಿಎಸ್ ಅಂಥ ಸಾಮಾನನ್ನು ಚೆನ್ನೈನ ಪಾಡಿಯಲ್ಲೇ ತಯಾರಿಸಿತು. ಇಂಜಿನ್ ಪಕ್ಕದಲ್ಲಿ ಕಪ್ಪು ಕೊಳವೆಯಂಥ ಡೈನಮೋ, ಅದಕ್ಕೊಂದು ‘ಕಟೌಟ್’ ಡಬ್ಬಿ.

ಡೈನಮೋ ಕೆಟ್ಟ ಯಂತ್ರವೇನಲ್ಲ, ನಮ್ಮ ಕೆಲಸಕ್ಕೆ ಒಗ್ಗಲಿಲ್ಲ. ಆಗಿನ ಟ್ರ್ಯಾಕ್ಟರ್ ಡೈನಮೋಗಳಲ್ಲಿ ಎಷ್ಟೋ 11 ಆಂಪಿಯರ್ ಆಸುಪಾಸಿನವು. ಅದೂ ಇಂಜಿನ್ ಜೋರಾಗಿ ತಿರುಗಿದರೆ ಮಾತ್ರ. ಎರಡು ಹೆಡ್‌ಲೈಟ್ ಹಾಕಿದರೆ ಏಳೆಂಟು ಆಂಪಿಯರ್ ಅಲ್ಲಿಗೇ ಹೋಯಿತು. ಚಳಿಗಾಲದ ರಾತ್ರಿ ಕಣದಲ್ಲಿ ಒಕ್ಕಣೆ ಮಾಡುವುದನ್ನು ನೆನೆಸಿಕೊಳ್ಳಿ. ಹರವಿದ ಭತ್ತದ ಮೇಲೆ ಟ್ರ್ಯಾಕ್ಟರ್ ಸಣ್ಣ ಗೇರಿನಲ್ಲಿ ಗಂಟೆಗಟ್ಟಲೆ ಸುತ್ತಬೇಕು, ಲೈಟೂ ಉರಿಯಬೇಕು. ಇಂಜಿನ್ ನಿಧಾನವಿದ್ದಾಗ ಡೈನಮೋದ ವೋಲ್ಟೇಜು ಬ್ಯಾಟರಿಯದಕ್ಕಿಂತ ಕೆಳಗಿರುತ್ತದೆ. ಕಟೌಟ್ ಸಂಪರ್ಕ ಬಿಡುತ್ತದೆ, ಬೆಳಕಿನ ಖರ್ಚೆಲ್ಲ ಬ್ಯಾಟರಿಯ ತಲೆಗೆ. ಸುತ್ತು ಹೆಚ್ಚಿದಂತೆ ಬೆಳಕು ಹಳದಿ, ಆಮೇಲೆ ಕೆಂಪು. ಕೊನೆಗೆ ಹುಲ್ಲು ಕೊಡವುವವರು ಗ್ಯಾಸ್‌ಲೈಟ್ ತರಲು ಹೇಳುತ್ತಿದ್ದರು.

ಮಳೆಗಾಲದ ಕಷ್ಟ ಬೇರೆ. ಆಗುಂಬೆಯೂ ಹುಲಿಕಲ್ಲೂ ಇರುವ ತಾಲ್ಲೂಕುಗಳಿವು. ಡೈನಮೋ ಕೊಡುವ ಕರೆಂಟೆಲ್ಲ ತಿರುಗುವ ತಾಮ್ರದ ಪಟ್ಟಿಗಳಿಂದ ಕಾರ್ಬನ್ ಬ್ರಶ್ಶಿಗೆ ದಾಟಿಯೇ ಹೊರಬರಬೇಕು. ತೇವ, ಕಾರ್ಬನ್ ಪುಡಿ, ಗದ್ದೆಯ ಕೆಸರು ಸೇರಿ ಆ ಪಟ್ಟಿಗಳು ಕಪ್ಪಾದರೆ ಕಿಡಿ ಶುರು. ಬಿಚ್ಚಿ, ಉಪ್ಪುಕಾಗದ ಹಾಕಿ ಉಜ್ಜಿ, ಪಟ್ಟಿಗಳ ನಡುವಿನ ಅಭ್ರಕವನ್ನು ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ಕೆರೆದು ತಗ್ಗಿಸಿ ಮತ್ತೆ ಕೂರಿಸುವುದು ಹಳೇ ಮೆಕ್ಯಾನಿಕ್‌ಗಳ ಕೈಗೆಲಸ. ಆರ್ಮೇಚರೇ ಸುಟ್ಟರೆ ರೀವೈಂಡಿಂಗಿಗೆ ಹೊರಬೇಕು.

ಆಲ್ಟರ್ನೇಟರನ್ನು ಹೊಸದು ಎನ್ನುತ್ತೇವೆ. ನಿಜವಾಗಿ ಅದೇ ಅಣ್ಣ, ಡೈನಮೋ ತಮ್ಮ. ಫ್ಯಾರಡೆ 1831ರಲ್ಲಿ ತೋರಿಸಿದ ತತ್ವ ಹಿಡಿದು ಮರುವರ್ಷ ಪ್ಯಾರಿಸ್ಸಿನ ಪಿಕ್ಸಿ ಮಾಡಿದ ಯಂತ್ರದಿಂದ ಹೊರಟದ್ದು ಎಸಿ. ಆಗ ಅದರಿಂದ ಏನೂ ಉಪಯೋಗ ಕಾಣದೆ, ಆಂಪಿಯರನ ಸಲಹೆಯಂತೆ ದಿಕ್ಕು ಬದಲಿಸುವ ಕಮ್ಯುಟೇಟರ್ ಸೇರಿಸಿ ಡಿಸಿ ಪಡೆದರು. ಡೈನಮೋದ ತಾಮ್ರದ ಪಟ್ಟಿಗಳು ಅದರ ಸಂತಾನ. ಆಲ್ಟರ್ನೇಟರ್ ವಾಹನಕ್ಕೆ ಮರಳಲು ಬೇಕಿದ್ದದ್ದು ಒಂದೇ: ಕರೆಂಟನ್ನು ಒಂದೇ ಕಡೆ ಬಿಡುವ, ಬಿಸಿಗೆ ಜಗ್ಗದ, ಅಗ್ಗದ ಸಿಲಿಕಾನ್ ಡಯೋಡು. ಅದು ಕೈಗೆ ಬಂದ ಮೇಲೆ 1960ರಲ್ಲಿ ಅಮೆರಿಕದ ಕ್ರೈಸ್ಲರ್ ತನ್ನ ವ್ಯಾಲಿಯಂಟ್ ಕಾರಿಗೆ ಆಲ್ಟರ್ನೇಟರ್ ಕೂರಿಸಿತು.

ಆಲ್ಟರ್ನೇಟರಿನಲ್ಲಿ ತಿರುಗುವುದು ಅಯಸ್ಕಾಂತ, ಕರೆಂಟು ಹುಟ್ಟುವುದು ಸುತ್ತ ಕದಲದೆ ಕೂತ ಸುರುಳಿಯಲ್ಲಿ. ಬ್ರಶ್ ದಾಟುವುದು ಎರಡು-ಮೂರು ಆಂಪಿಯರ್ ಮಾತ್ರ. ಸಣ್ಣ ಪುಲ್ಲಿ ಹಾಕಿ ಜೋರಾಗಿ ತಿರುಗಿಸಬಹುದು, ಆದ್ದರಿಂದ ಇಂಜಿನ್ ತೂಕಡಿಸುತ್ತಿದ್ದರೂ ಚಾರ್ಜ್ ಆಗುತ್ತದೆ. ಆರು ಡಯೋಡುಗಳೇ ಹಿಮ್ಮುಖ ಕರೆಂಟನ್ನು ತಡೆಯುವುದರಿಂದ ಕಟೌಟ್ ಬೇಡ. ಜೋಗದ ಬಳಿಯ ಶರಾವತಿ ವಿದ್ಯುದಾಗಾರದಲ್ಲಿ ತಿರುಗುವುದೂ ಹೀಗೇ ಅಯಸ್ಕಾಂತವೇ. ಅದರ ಸಾಮರ್ಥ್ಯ 1035 ಮೆಗಾವಾಟ್. ನಮ್ಮ ಕಡೆ ಓಡುವ ಮ್ಯಾಸಿಯ ಹೆಸರೂ 1035. ಬರೀ ಕಾಕತಾಳೀಯ, ಆದರೂ ಹೇಳದಿರಲು ಮನಸ್ಸಾಗಲಿಲ್ಲ.

ನಮ್ಮ ದೊಡ್ಡಪ್ಪನ ಬಿ-275ಕ್ಕೆ ಗುಜರಿಯಿಂದ ಕಾರಿನ ಆಲ್ಟರ್ನೇಟರ್ ಬಂದದ್ದು ನಟ್ಟಿಗೆ ಮುಂಚೆ. ಕಷ್ಟವಿದ್ದದ್ದು ಕರೆಂಟಿನಲ್ಲಲ್ಲ, ಕಬ್ಬಿಣದಲ್ಲಿ. ಉದ್ದನೆಯ ಡೈನಮೋ ಕೂರುತ್ತಿದ್ದ ಕಡೆ ಗಿಡ್ಡ ಆಲ್ಟರ್ನೇಟರ್ ಕೂರಿಸಲು ಪಟ್ಟಿ ಕೊಯ್ದು ವೆಲ್ಡ್ ಮಾಡಬೇಕು. ಪುಲ್ಲಿ ನೂಲಿನಷ್ಟು ಓರೆಯಾದರೂ ಫ್ಯಾನ್‌ಬೆಲ್ಟ್ ತಿಂದುಹೋಗುತ್ತದೆ. ಎರಡು ಪುಲ್ಲಿಗಳ ಮೇಲೆ ಅಡಿಪಟ್ಟಿ ಇಟ್ಟು, ಒಂದು ಕಣ್ಣು ಮುಚ್ಚಿ, ವಾಷರ್ ಸೇರಿಸುತ್ತ ತೆಗೆಯುತ್ತ ಅರ್ಧ ದಿನ ಹೋಯಿತು.

ಆಮೇಲೆ ಅರ್ತ್. ಬ್ರಿಟನ್ ಪದ್ಧತಿಯ ಹಳೇ ಗಾಡಿಗಳಲ್ಲಿ ಹಲವಕ್ಕೆ ಪಾಸಿಟಿವ್ ಚಾಸಿಗೆ. ಹಾಗೇ ಬಿಟ್ಟು ಆಲ್ಟರ್ನೇಟರ್ ಜೋಡಿಸಿದರೆ ಡಯೋಡು ಆ ಕ್ಷಣವೇ ಹೋಗುತ್ತದೆ. ಬ್ಯಾಟರಿಯನ್ನು ತಿರುಗಿಸಿಟ್ಟು ಆಂಪಿಯರ್ ಮೀಟರಿನ ತಂತಿ ಅದಲುಬದಲು ಮಾಡಿದ್ದಾಯಿತು. ಸೆಲ್ಫ್ ಉಲ್ಟಾ ತಿರುಗೀತೆಂದು ದೊಡ್ಡಪ್ಪನಿಗೆ ಭಯ. ತಿರುಗಲಿಲ್ಲ, ಆ ಮೋಟಾರಿನಲ್ಲಿ ಒಳಗಿನ ಎರಡೂ ಸುರುಳಿಗಳ ದಿಕ್ಕು ಒಟ್ಟಿಗೇ ಬದಲಾಗುತ್ತದೆ. ಆಲ್ಟರ್ನೇಟರ್ ಕೊಡುವ 36 ಆಂಪಿಯರಿಗೆ ಹಳೇ ತಂತಿ ಸಾಲದೆಂದು ದಪ್ಪ ತಂತಿ ಎಳೆದರು. ಕಟೌಟ್ ಡಬ್ಬಿ ಅಟ್ಟ ಸೇರಿತು.

ಎರಡೇ ದಿನ. ಮೂರನೇ ಬೆಳಿಗ್ಗೆ ಸೆಲ್ಫ್ ಒತ್ತಿದರೆ ‘ಟಕ್’ ಎಂದು ಸುಮ್ಮನಾಯಿತು. ಬೈಗುಳವೆಲ್ಲ ಆಲ್ಟರ್ನೇಟರಿಗೇ ಬಿತ್ತು. ಬೇರೊಬ್ಬ ಮೇಸ್ತ್ರಿ ಬಂದರು. ನಾವು ಚಾರ್ಜ್ ಮಾಡಿಸಿ ತಂದ ಬ್ಯಾಟರಿ ಇಟ್ಟು, ಇಂಜಿನ್ ಹಚ್ಚದೆ, ಸ್ವಿಚ್ಚೂ ಹಾಕದೆ, ಆಲ್ಟರ್ನೇಟರಿನ ಹಿಂಬದಿಯ ಬೇರಿಂಗಿಗೆ ಸ್ಪ್ಯಾನರ್ ಹಿಡಿದರು. ಅದು ಕಚ್ಚಿಕೊಂಡು ನಿಂತಿತು.

“ನೋಡಿ ಗೌಡ್ರೇ, ರಾತ್ರಿಯಿಡೀ ಹೀಗೇ ಕುಡೀತಾ ಕೂತಿದೆ.”

ಅಯಸ್ಕಾಂತಕ್ಕೆ ಜೀವ ಕೊಡುವ ಸಣ್ಣ ತಂತಿಯನ್ನು ಮೊದಲು ಜೋಡಿಸಿದ ಮೇಸ್ತ್ರಿ ನೇರ ಬ್ಯಾಟರಿಗೇ ಕೊಟ್ಟಿದ್ದರು. ಅದು ಸ್ವಿಚ್ಚಿನಿಂದ, ಒಂದು ಪುಟ್ಟ ಬಲ್ಬಿನ ಮೂಲಕ ಬರಬೇಕಿತ್ತು. ಡ್ಯಾಷಿನಲ್ಲಿ ತೂತು ಕೊರೆದು ಕೆಂಪು ಬಲ್ಬು ಕೂರಿಸಿದರು. ಸ್ವಿಚ್ ಹಾಕಿದಾಗ ಉರಿದು ಇಂಜಿನ್ ಹತ್ತಿದ ಮೇಲೆ ಆರಿದರೆ ಚಾರ್ಜ್ ಆಗುತ್ತಿದೆ ಎಂದರ್ಥ. ಹುಲ್ಲುಕಡ್ಡಿ, ಕೆಸರು ಒಳಹೋಗದಂತೆ ಆಯಿಲ್ ಡಬ್ಬಿಯ ತಗಡು ಕತ್ತರಿಸಿ ಅಡ್ಡ ಕಟ್ಟಿದರು.

ಇದಾಗಿ ಐದು ಮಳೆಗಾಲ ಕಳೆಯಿತು. ಸೆಲ್ಫ್ ಒಂದೇ ಸಲಕ್ಕೆ ಹೊಡೆಯುತ್ತದೆ. ದೊಡ್ಡಪ್ಪ ಮಾತ್ರ ಸಂಜೆ ಗದ್ದೆಯಿಂದ ಬಂದವರು ಈಗಲೂ ಅಂಗಳ ದಾಟಿ ಏರು ಹತ್ತಿಸಿ, ಗಾಡಿಯ ಮೂತಿ ಕೆಳಗೆ ಮಾಡಿ, ಇಳಿದು ಕಲ್ಲು ಹುಡುಕುತ್ತಾರೆ.