ನಮ್ಮ ಶೇಂಗಾ ಹೊತ್ತ ಗೂಡ್ಸ್ ಡಬ್ಬಿ

ಮೈಸೂರಿನ ರೈಲು ಮ್ಯೂಸಿಯಂ (1979ರಲ್ಲಿ ಶುರುವಾದದ್ದು) ನೋಡಲು ಹೋದವರೆಲ್ಲ ಮಹಾರಾಣಿಯವರ ಸಲೂನ್ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಕೊಟ್ಟೂರು ಕಡೆಯ ನಮ್ಮಂಥವರ ಕಣ್ಣು ಹುಡುಕೋದು ಗೂಡ್ಸ್ ಡಬ್ಬಿಯನ್ನು. ಎಲ್ಲೇ ಹಳೇ ಡಬ್ಬಿ ಉಳಿಸಿಟ್ಟಿದ್ದು ಕಂಡರೆ ಮೊದಲು ಅದರ ಮೂತಿ ನೋಡಿ. ನಟ್ಟನಡುವೆ ಒಂದೇ ಬಫರ್ ಇದ್ದು ಅದರಲ್ಲೇ ಕೊಂಡಿಯೂ ಇದ್ದರೆ ಮೀಟರ್ ಗೇಜಿನದು, ಅಂದರೆ ನಮ್ಮ ಹಳಿಯ ಜಾತಿ.

ಧಾತು, ಈಶ್ವರ ಸಂವತ್ಸರಗಳ ಬರ (1876-78) ಬಳ್ಳಾರಿ ಸೀಮೆಯನ್ನು ನುಂಗಿದ ಮೇಲೆ, ಇನ್ನೊಮ್ಮೆ ಹಾಗಾದರೆ ಕಾಳು ಬೇಗ ಮುಟ್ಟಲಿ ಎಂದು ಈ ಭಾಗಕ್ಕೆ ಸದರ್ನ್ ಮರಾಠಾ ಕಂಪನಿ ರೈಲು ತಂತು. ಖರ್ಚು ಕಡಿಮೆಯೆಂದು ಹಳಿಯ ಅಗಲ ಒಂದೇ ಮೀಟರ್. ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿ ಮೇಲೆ ಕೊಟ್ಟೂರಿಗೆ ಕವಲು ಬಂದದ್ದು 1905ರಲ್ಲಿ. ಅಲ್ಲಿಗೇ ನಿಂತಿತು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಯವರು ಶೇಂಗಾ, ಹತ್ತಿ ಚಕ್ಕಡಿಯಲ್ಲಿ ಹೇರಿಕೊಂಡೇ ಸ್ಟೇಷನ್ ಮುಟ್ಟಬೇಕು.

ಆಗ ಒಂದೇ ಡಬ್ಬಿಯನ್ನೂ ಬುಕ್ ಮಾಡಬಹುದಿತ್ತು. ನಾಲ್ಕಾರು ಜನ ಕೂಡಿದರೆ ತುಂಬುವಷ್ಟು ಮಾಲು. ಬಾಗಿಲಿಗೆ ಸೀಸದ ಮುದ್ರೆ ಬೀಳುತ್ತಿತ್ತು, ಕೈಗೆ ಆರ್.ಆರ್. ಬರುತ್ತಿತ್ತು. ಈ ರೈಲ್ವೆ ರಸೀದಿಗೆ ಬೆಲೆಯಿತ್ತು ನೋಡಿ: ಅದನ್ನು ಬ್ಯಾಂಕಿನಲ್ಲಿಟ್ಟರೆ ಮಾಲು ಊರು ಮುಟ್ಟುವ ಮೊದಲೇ ದುಡ್ಡು ಸಿಗುತ್ತಿತ್ತು. ತೊಂದರೆ ಇರಲಿಲ್ಲ ಅಂತಲ್ಲ. ಹೇರೋದು ತಡವಾದರೆ ಡೆಮರೇಜ್. ಮದ್ರಾಸಿಗೆ ಹೋಗೋ ಮಾಲನ್ನು ಗುಂತಕಲ್ಲಿನಲ್ಲಿ ಇಳಿಸಿ ಬ್ರಾಡ್ ಗೇಜ್ ಡಬ್ಬಿಗೆ ತುಂಬಬೇಕು. ಚೀಲ ಹರಿದು ಸೋರಿದ ಶೇಂಗಾಕ್ಕೆ ಲೆಕ್ಕ ಕೊಡುವವರಾರು?

1990ರ ದಶಕದಲ್ಲಿ ಹಳಿ 1676 ಮಿಲಿಮೀಟರ್ ಅಗಲವಾಯಿತು. ಮಾಲು ಇಳಿಸಿ ಹೇರುವ ಗೋಳು ತಪ್ಪಿತು. ಆದರೆ ಅಷ್ಟು ಹೊತ್ತಿಗೆ ರೈಲ್ವೆಯವರು ಬಿಡಿ ಡಬ್ಬಿ ಬಿಟ್ಟು ಪೂರಾ ರೇಕ್ ಲೆಕ್ಕಕ್ಕೆ ಬಂದಿದ್ದರು. ಅದಿರಿಗೆ, ಗೊಬ್ಬರಕ್ಕೆ ಅದು ಸರಿ. ನಮಗೆ? ಸುಮಾರು 40 ದೊಡ್ಡ ಮುಚ್ಚಿದ ವ್ಯಾಗನ್‌ಗಳ ಒಂದು ರೇಕಿಗೆ 2,000 ಟನ್ನಿಗೂ ಮೇಲೆ ಮಾಲು ಬೇಕು; 10 ಟನ್ನಿನ ಲಾರಿ ಆದರೆ 200. ಅಷ್ಟು ಈರುಳ್ಳಿ ಕೂಡಿಸೋ ಹೊತ್ತಿಗೆ ಮೊದಲು ತಂದದ್ದು ಕೊಳೆತು ನಾರುತ್ತದೆ.

ಕೊಟ್ಟೂರಿನಿಂದ ಮುಂದೆ ಹರಪನಹಳ್ಳಿ ಮೇಲೆ ಹರಿಹರಕ್ಕೆ ಹಳಿ ಕೂಡಿದ್ದು 2010ರ ದಶಕದಲ್ಲಿ, ಮೊದಲ ಕವಲು ಬಂದು ನೂರು ವರ್ಷ ದಾಟಿದ ಮೇಲೆ. ಕೂಡ್ಲಿಗಿ, ಹಡಗಲಿ ಪಟ್ಟಣಗಳಿಗೆ ಇಂದಿಗೂ ರೈಲಿಲ್ಲ. ಹಡಗಲಿ ಮಲ್ಲಿಗೆ ಬಸ್ಸಿನ ಮೇಲೇ ಹೋಗುತ್ತದೆ. ಹರಪನಹಳ್ಳಿಯವರ ಹೊಲದ ಹತ್ತಿರವೇ ಈಗ ವ್ಯಾಗನ್ನು ಓಡುತ್ತದೆ, ಮೆಕ್ಕೆಜೋಳ ಮಾತ್ರ ಲಾರಿ ಹತ್ತುತ್ತದೆ.